ಗಾಜಿನಲ್ಲಿ ನಿಂತ ನೀರು

ನನ್ನ ಗಂಡ ಲಾಂಡ್ರಿಯ ಅಧ್ಯಕ್ಷರಾಗಿ ಆರಿಸಿ ಬಂದ ಸಂಜೆ ನಾನು ಎರಡು ಪಾವು ಅಕ್ಕಿ ಹೆಚ್ಚಿಗೆ ಹಾಕಿದೆ. ಜನ ಬರುತ್ತಾರೆ ಎಂದುಕೊಂಡಿದ್ದೆ, ಬಂದರು. ಕುರ್ಚಿ ಸಾಲದೆ ಇಬ್ಬರು ಕಿಟಕಿಯ ಕಟ್ಟೆಯ ಮೇಲೆ ಕೂತು ಉಂಡರು. ಪಾತ್ರೆ ತಳ ಕಂಡಾಗ ನನಗೆ ತೃಪ್ತಿಯೇ ಆಯಿತು.

ಆ ಲಾಂಡ್ರಿ ಕೆಲಸ ಮಾಡುವವರದೇ. ನಲವತ್ತು ಮಂದಿ ಸೇರಿ ನಡೆಸುತ್ತೇವೆ. ಆಸ್ಪತ್ರೆಯ ಹಾಸುಬಟ್ಟೆ, ಮೂರು ಹೋಟೆಲುಗಳ ದಿಂಬಿನ ಚೀಲ, ಟವೆಲು ಎಲ್ಲ ನಮ್ಮಲ್ಲಿಗೆ ಬರುತ್ತದೆ. ನಾನು ಬಟ್ಟೆ ಮಡಚುವ ಮೇಜಿನವಳು. ಮೈದುನ ವ್ಯಾನು ಓಡಿಸುತ್ತಾನೆ. ನನ್ನ ಗಂಡ ಇಪ್ಪತ್ತೆರಡು ವರ್ಷ ಬಾಯ್ಲರ್ ನೋಡಿಕೊಂಡವರು. ಅವರು ಮಹಡಿಯ ಆಫೀಸಿಗೆ ಹೋದ ಮೇಲೆ ಆ ಕೆಲಸ ನಮ್ಮ ಮಗಳಿಗೆ ಬಂತು. ಶಾಲೆ ಬಿಟ್ಟಾಗಿನಿಂದ ಅಪ್ಪನ ಪಕ್ಕದಲ್ಲೇ ನಿಂತು ಕಲಿತವಳು. ಹಾಲುಹಲ್ಲು ಬಿದ್ದ ಕಾಲದಲ್ಲಿ ಮಾತಿನ ಮಧ್ಯೆ ಗಾಳಿ ಸುಯ್ ಎನ್ನುತ್ತಿತ್ತೆಂದು ಅವಳ ಚಿಕ್ಕಪ್ಪ ಸಿಳ್ಳೆ ಎಂದು ಕರೆದ. ಹಲ್ಲು ಬಂತು, ಹೆಸರು ಹೋಗಲಿಲ್ಲ.

ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಬೈಬಲಿನ ಒಂದು ಅಧ್ಯಾಯ ಓದುವುದು ಅತ್ತೆಯ ಕಟ್ಟಳೆ. ಒಬ್ಬೊಬ್ಬರ ಸರದಿ ಒಂದೊಂದು ದಿನ. ಮೊದಲ ಪುಟದಿಂದ ಹಿಡಿದು ಕೊನೆಯವರೆಗೆ, ಒಂದೂ ಬಿಡುವ ಹಾಗಿಲ್ಲ. ಯಾರು ಯಾರನ್ನು ಹೆತ್ತರು ಎಂಬ ಉದ್ದುದ್ದ ಪಟ್ಟಿ ಬಂದರೂ ಬಿಡುವ ಹಾಗಿಲ್ಲ. ಮುಗಿದರೆ ಮತ್ತೆ ಮೊದಲಿನಿಂದ. ನಾನು ಈ ಮನೆಗೆ ಬಂದ ಮೇಲೆ ಇದು ಏಳನೆಯ ಸುತ್ತು.

ಅವರು ಅಧ್ಯಕ್ಷರಾದ ವಾರದಲ್ಲೇ ಸರದಿ ಮೈದುನನಿಗೆ ಬಂದಾಗ ಒಬ್ಬ ರಾಜನ ಕಥೆ ಬಂತು. ಅರಮನೆಯ ಮಾಳಿಗೆಯ ಮೇಲೆ ಅಡ್ಡಾಡುತ್ತ, ಈ ಊರನ್ನೆಲ್ಲ ಕಟ್ಟಿದವನು ನಾನೇ ಅಲ್ಲವೇ ಎಂದು ಬೀಗಿದವನು. ಬಾಯಿ ಮುಚ್ಚುವುದರೊಳಗೆ ಬುದ್ಧಿ ಹೋಗಿ ದನದ ಹಾಗೆ ಹುಲ್ಲು ಮೇಯುತ್ತಾನೆ.

ಮೈದುನ ಪುಸ್ತಕ ಮುಚ್ಚಿ, "ಅಣ್ಣಾ, ನಿನಗೆ ಹುಲ್ಲು ಹಸೀದು ಬೇಕೋ, ಬೇಯಿಸಿದ್ದೋ?" ಎಂದ.

"ಒಗ್ಗರಣೆ ಹಾಕಿಸು," ಎಂದರು ನನ್ನ ಗಂಡ. ಎಲ್ಲರೂ ನಕ್ಕೆವು. ಅವತ್ತು ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಎರಡನೆಯ ವಾರ ಅಂಗಿಗಳು ಬಂದವು. ಬಿಳಿಯವು, ಆರು. ಗಂಜಿ ಹಾಕಿ ಕಾಲರು ಕತ್ತಿಯ ಹಾಗೆ ನಿಲ್ಲಬೇಕು. ಲಾಂಡ್ರಿಯಲ್ಲಿ ದಿನವಿಡೀ ಬೇರೆಯವರ ಬಟ್ಟೆ ಮಡಚಿ ಬಂದು ಮನೆಯಲ್ಲಿ ಇಸ್ತ್ರಿ ಹಿಡಿಯುವುದು ನನಗೆ ಹೊಸದು. ಅವರ ಬಾಯ್ಲರ್ ಕೋಣೆಯ ಅಂಗಿಗಳಿಗೆ ಇಸ್ತ್ರಿಯ ಹಂಗೇ ಇರಲಿಲ್ಲ. ಆದರೂ ಹಾಕಿದೆ. ಗಂಡ ಚೆನ್ನಾಗಿ ಕಾಣಲಿ ಎಂಬ ಆಸೆ ನನಗೂ ಇರುವುದಿಲ್ಲವೇ?

ಆಮೇಲೆ ಡಬ್ಬಿಗಳು ಶುರುವಾದವು. ಹೋಟೆಲಿನವರು ಮಾತುಕತೆಗೆ ಕರೆಯುತ್ತಿದ್ದರು. ಅಲ್ಲೇ ಹುರಿದ ಮಾಂಸ, ಅಲ್ಲೇ ಕೇಕು. ಮನೆಗೆ ಬರುವಾಗ ಕೈಯಲ್ಲೊಂದು ಡಬ್ಬಿ. ನಾನು ಮಾಡಿದ ಆಲೂಗಡ್ಡೆಯ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, "ಇದು ನಾಳೆಗೆ ಆಗುತ್ತೆ," ಎನ್ನುತ್ತಿದ್ದರು.

"ನಾಳೆನೂ ನೀನು ಹೊರಗೇ ತಿಂದು ಬರ್ತೀಯ," ಎಂದರು ಅತ್ತೆ. "ನಿನ್ನ ಹೊಟ್ಟೆ ಆಗಲೇ ಅಂಗಿಯ ಗುಂಡಿ ಜೊತೆ ಜಗಳಕ್ಕೆ ನಿಂತಿದೆ."

"ಅಮ್ಮಾ, ನಾಲ್ಕು ಜನ ದೊಡ್ಡವರು ಕರೆದಾಗ ನನ್ನ ಮನೇಲಿ ಪಲ್ಯ ಇದೆ ಅಂತ ಎದ್ದು ಬರೋಕಾಗುತ್ತಾ?"

"ನಿಮ್ಮಪ್ಪ ಬರ್ತಿದ್ದ."

"ಅಪ್ಪನನ್ನ ಯಾರೂ ಕರೀತಿರಲಿಲ್ಲ."

ಅತ್ತೆ ಅಂಚಿಗೆ ಸರಿಸಿದ ಆ ಪಲ್ಯವನ್ನು ತಮ್ಮ ತಟ್ಟೆಗೆ ಹಾಕಿಕೊಂಡರು. ನಾನು ಡಬ್ಬಿಯಲ್ಲಿದ್ದ ಕೇಕನ್ನು ಐದು ತುಂಡು ಮಾಡಿ ಹಂಚಿದೆ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಮೂರನೆಯ ವಾರದಲ್ಲಿ ಒಂದು ಸಂಜೆ ಸಿಳ್ಳೆ ನನ್ನ ಜೊತೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ನಾರನ್ನೆಲ್ಲ ಬಟ್ಟಲಿಗೂ ಕಾಯನ್ನೆಲ್ಲ ಕಸದ ಬುಟ್ಟಿಗೂ ಹಾಕುತ್ತಿದ್ದಳು.

"ಏನೇ ಆಗಿದೆ ನಿನಗೆ?"

"ಗ್ಲಾಸು ಐದು ಆಗಿದೆಯಮ್ಮ."

ಬಾಯ್ಲರಿನ ಮುಂದೆ ಒಂದು ಗಾಜಿನ ಕೊಳವೆ ಇದೆ. ಒಳಗೆ ನೀರು ಎಷ್ಟಿದೆಯೆಂದು ಅದರಲ್ಲಿ ಕಾಣುತ್ತದೆ. ಅದು ಕಂಡಷ್ಟನ್ನೇ ನಂಬಬಾರದು ಎನ್ನುವುದು ನನ್ನ ಗಂಡ ಮಗಳಿಗೆ ಕಲಿಸಿದ ಮೊದಲ ಪಾಠ. ಗಾಜಿಗೂ ಬಾಯ್ಲರಿಗೂ ನಡುವಿನ ದಾರಿಯಲ್ಲಿ ನೀರಿನ ಉಪ್ಪು ಗಟ್ಟಿಯಾಗಿ ಕಿಟ್ಟ ಕಟ್ಟಿಕೊಂಡರೆ, ಒಳಗೆ ನೀರು ಇಳಿದರೂ ಗಾಜಿನಲ್ಲಿ ಮಾತ್ರ ತುಂಬಿಕೊಂಡೇ ನಿಂತಿರುತ್ತದೆ. ಅದಕ್ಕೇ ದಿನಕ್ಕೆರಡು ಸಲ ಕೆಳಗಿನ ನಲ್ಲಿ ತಿರುಗಿಸಿ ಗಾಜನ್ನು ಖಾಲಿ ಮಾಡಬೇಕು. ನಲ್ಲಿ ಮುಚ್ಚಿ ಎಣಿಸಬೇಕು. ಮೂರು ಎನ್ನುವುದರೊಳಗೆ ನೀರು ಚಿಮ್ಮಿಕೊಂಡು ಮೇಲೆ ಬಂದರೆ ಎಲ್ಲ ಸರಿಯಾಗಿದೆ. ಹತ್ತು ಎಣಿಸಿದರೂ ಬರದಿದ್ದರೆ, ದೇವದೂತನೇ ಬಂದು ಬೇಡವೆಂದರೂ ಬೆಂಕಿ ತೆಗೆಯಬೇಕು. ಒಣಗಿದ ಬಾಯ್ಲರ್ ಒಡೆದರೆ ಅದರ ಮುಂದೆ ನಿಂತವರು ಉಳಿಯುವುದಿಲ್ಲ. ಅದರ ಮುಂದೆ ನಿಲ್ಲುತ್ತಿದ್ದವಳು ಈಗ ನನ್ನ ಮಗಳು.

ಆರು ತಿಂಗಳಿಗೊಮ್ಮೆ ಬಾಯ್ಲರ್ ನಿಲ್ಲಿಸಿ, ಒಳಗೆ ಇಳಿದು ಕಿಟ್ಟ ಕೆರೆಯುತ್ತಾರೆ. ಆ ತಿಂಗಳು ಅದರ ಸರದಿ. ಅಧ್ಯಕ್ಷರು ಅದನ್ನು ಮುಂದಕ್ಕೆ ಹಾಕಿದ್ದರು.

ಅವರು ಕೈತೊಳೆದು ಬಂದು ಕೂತ ಮೇಲೆ ಸಿಳ್ಳೆ ಕೇಳಿಯೇಬಿಟ್ಟಳು. "ಅಪ್ಪಾ, ಯಾವಾಗ ನಿಲ್ಲಿಸೋದು?"

"ಮುಂದಿನ ತಿಂಗಳು ನೋಡೋಣ."

"ಐದು ಎಣಿಸಬೇಕಾಗಿದೆ."

"ಐದು ತಾನೆ? ಹತ್ತಲ್ಲವಲ್ಲ. ಈ ತಿಂಗಳು ಒಂದು ದಿನಾನೂ ನಿಲ್ಲಿಸೋದಿಲ್ಲ ಅಂತ ನಾನು ಆಸ್ಪತ್ರೆಗೂ ಹೋಟೆಲಿನವರಿಗೂ ಮಾತು ಕೊಟ್ಟಿದ್ದೀನಿ. ತಿಂಗಳ ಕೊನೇ ಶನಿವಾರ ಅವರೆಲ್ಲ ಸೇರಿ ನನಗೆ ಸನ್ಮಾನದ ಊಟ ಇಟ್ಟುಕೊಂಡಿದ್ದಾರೆ. ಅದಕ್ಕೆ ಮುಂಚೆ ಬಾಗಿಲು ಹಾಕಿ ಆಮೇಲೆ ಅಲ್ಲಿ ಹೋಗಿ ಕೂತರೆ ಹೇಗಿರುತ್ತೆ?"

"ನೀನು ಒಂದು ಸಲ ಕೆಳಗೆ ಬಂದು ನೋಡು."

"ಇಪ್ಪತ್ತೆರಡು ವರ್ಷ ನೋಡಿದ್ದೀನಿ ಕಣೇ. ಆ ಬಾಯ್ಲರಿಗೆ ನನ್ನ ಕೆಮ್ಮು ಕೂಡ ಗೊತ್ತು. ನಾನಿರೋವಾಗ ಏನೂ ಆಗೋಲ್ಲ."

"ನೀನು ಮೇಲಿನ ಕೋಣೇಲಿ ಇರ್ತೀಯಪ್ಪ. ಅಲ್ಲಿರೋಳು ನಾನು," ಎಂದಳು ಸಿಳ್ಳೆ.

ನಾನು ಅವರ ತಟ್ಟೆಗೆ ಹುರುಳಿಕಾಯಿ ಬಡಿಸುವವಳು ಸೌಟನ್ನು ಹಾಗೇ ಹಿಡಿದು ನಿಂತೆ. "ರೀ, ಒಂದು ಸಲ ಹೋಗಿ ನೋಡಿ ಬನ್ನಿ. ನಿಮ್ಮ ಮಾತು ಹೋಗೋದಿಲ್ಲ, ಮೆಟ್ಟಿಲು ಇಳಿದ ಹಾಗಾಗುತ್ತೆ ಅಷ್ಟೆ."

"ನಾಳೆ ನೋಡ್ತೀನಿ," ಎಂದರು. ಮರುದಿನ ಹೋಟೆಲಿನವರು ಕಾರು ಕಳಿಸಿದರು.

ಪ್ರತಿ ಸಂಜೆ ನಾನು ಮೊದಲು ಮಗಳ ಮುಖ ನೋಡುತ್ತಿದ್ದೆ. ಅವಳು ಚೀಲ ಇಡುತ್ತ ಬೆರಳು ತೋರಿಸುತ್ತಿದ್ದಳು. ಆರು. ಮತ್ತೆ ಆರು. ಏಳು. ನಾನು ಒಂದು ಬೆಳಿಗ್ಗೆ ಮಡಚುವ ಮೇಜಿನಿಂದ ಎದ್ದು ಹೋಗಿ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತೆ. ಅವಳು ಸೌದೆ ತಳ್ಳುತ್ತಿದ್ದಳು. ಮೂಗಿನ ಮೇಲೆ ಮಸಿ. "ಯಾಕಮ್ಮ ಬಂದೆ?" ಎಂದಳು. "ಸುಮ್ಮನೆ," ಎಂದೆ. "ಸುಮ್ಮನೆ ಬರೋ ಜಾಗ ಅಲ್ಲ ಇದು, ಹೋಗು," ಎಂದು ನಗುತ್ತಲೇ ನನ್ನನ್ನು ಹೊರಗೆ ಕಳಿಸಿದಳು.

ಇತ್ತ ಮನೆಯ ಓದು ಪ್ರವಾದಿಗಳ ನಡುವೆ ಸಾಗುತ್ತಿತ್ತು. ಅವರು ಯಾರೂ ದೊಡ್ಡವರಿಗೆ ಹೆದರಿದವರಲ್ಲ. ರಾಜ, ಪುರೋಹಿತ, ನ್ಯಾಯಾಧೀಶ ಯಾರೇ ಇರಲಿ, ಎದುರಿಗೇ ನಿಂತು ಬೈದವರು. ದಿನಕ್ಕೊಂದು ಅಧ್ಯಾಯ, ದಿನಕ್ಕೊಂದು ಬೈಗುಳ. ನನ್ನ ಗಂಡನಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಕೆಮ್ಮು ಬಂತು. ಆಮೇಲೆ ಓದು ಮುಗಿಯುವ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದರು.

ಸನ್ಮಾನದ ವಾರದ ಗುರುವಾರ ಮಾತ್ರ ಬೇಗ ಬಂದಿದ್ದರು. ಹೊಸ ಕೋಟು ಹಾಕಿ ತೋರಿಸಬೇಕಿತ್ತು. ಸರದಿ ಸಿಳ್ಳೆಯದು. ಅವತ್ತು ಅವಳು ಬಂದವಳೇ ಎರಡೂ ಕೈ ಎತ್ತಿ ಒಂಬತ್ತು ಬೆರಳು ತೋರಿಸಿದ್ದಳು.

ಓದಿದ್ದು ಕುರಿ ಕಾಯುತ್ತಿದ್ದ ಒಬ್ಬ ಪ್ರವಾದಿಯ ಮಾತು. ಬೆಟ್ಟದ ಮೇಲಿನ ಊರನ್ನು ನಂಬಿ ನಿಶ್ಚಿಂತೆಯಿಂದ ಕೂತ ಮುಖಂಡರಿಗೆ ಅವನು ಅಯ್ಯೋ ಎನ್ನುತ್ತಾನೆ. ದಂತದ ಮಂಚದ ಮೇಲೆ ಮೈಚಾಚುತ್ತಾರೆ, ಮಂದೆಯ ಎಳೆಯ ಮರಿಗಳನ್ನು ಆರಿಸಿ ತಿನ್ನುತ್ತಾರೆ, ಬೋಗುಣಿಗಟ್ಟಲೆ ಕುಡಿಯುತ್ತಾರೆ, ಕೆಟ್ಟ ದಿನ ಇನ್ನೂ ದೂರವಿದೆ ಎನ್ನುತ್ತಾರೆ. ತಮ್ಮ ಜನ ಹಾಳಾಗುತ್ತಿದ್ದರೂ ಅವರಿಗೆ ಅದರ ನೋವೇ ಇಲ್ಲ. ಸಿಳ್ಳೆ ತಲೆ ಎತ್ತದೆ, ದನಿ ಏರಿಸದೆ ಓದಿದಳು.

ನನ್ನ ಗಂಡ ತಟ್ಟೆ ತಳ್ಳಿದರು. "ಇದನ್ನ ಆರಿಸಿದ್ದು ಯಾರು?"

"ಯಾರಾದರೂ ಯಾಕೆ ಆರಿಸ್ತಾರೆ? ನಿನ್ನೆ ಐದನೇದು, ಇವತ್ತು ಆರನೇದು," ಎಂದರು ಅತ್ತೆ.

"ಸುಳ್ಳು. ಒಂದು ತಿಂಗಳಿಂದ ನೋಡ್ತಿದ್ದೀನಿ. ನನಗೇ ಹುಡುಕಿ ಹುಡುಕಿ ಓದ್ತಿದ್ದೀರ. ಅಜ್ಜಿ ಮೊಮ್ಮಗಳು ಸೇರಿಕೊಂಡು!"

"ಅಣ್ಣಾ, ಆ ಪ್ರವಾದಿಗೆ ನೀನು ಆರಿಸಿ ಬರ್ತೀಯ ಅಂತ ಆಗಲೇ ಗೊತ್ತಿತ್ತು ಅಂದ್ರೆ ನೀನು ದೊಡ್ಡ ಮನುಷ್ಯನೇ ಬಿಡು," ಎಂದ ಮೈದುನ.

"ನೀನು ಬಾಯಿ ಮುಚ್ಚೋ! ನಾಳೆಯಿಂದ ಕೀರ್ತನೆ ಓದಿ. ಸ್ತೋತ್ರ ಓದಿ. ಮನೆಯಲ್ಲಿ ಶಾಂತಿ ಬೇಕು ನನಗೆ."

ಅತ್ತೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿಮ್ಮಪ್ಪ ತೀರಿಕೊಂಡ ದಿನ ದೇವರ ಗುಡಾರದ ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ ಅನ್ನೋದಿತ್ತು. ಅದನ್ನೇ ಓದಿದೆ. ಸಮಾಧಾನ ಹೇಳೋ ಅಧ್ಯಾಯ ಬೇರೆ ಕಡೆ ಇತ್ತು, ನನಗೆ ಗೊತ್ತಿರಲಿಲ್ಲವಾ? ಬಿಡಲಿಲ್ಲ. ನಿನ್ನ ಊಟಕ್ಕೋಸ್ಕರ ಬಿಡ್ತೀನಾ?"

"ಅಪ್ಪಾ," ಎಂದಳು ಸಿಳ್ಳೆ, "ಅದು ಬಿಡು. ಇವತ್ತು ಒಂಬತ್ತು."

"ನಿನಗೆ ಅಷ್ಟು ಹೆದರಿಕೆ ಆದರೆ ನಾಳೆ ಹೋಗಬೇಡ. ಬಟ್ಟೆ ಒಗೆಯೋ ತೊಟ್ಟಿ ಹತ್ತಿರ ಇರೋ ಯಾರನ್ನಾದರೂ ಅಲ್ಲಿ ನಿಲ್ಲಿಸ್ತೀನಿ."

"ಅವರು ಯಾರ ಮನೆಯವರೂ ಅಲ್ಲವಾ?"

ನನ್ನ ಗಂಡ ಎದ್ದು ಹೋಗಿ ಕೋಟನ್ನು ಗೂಟಕ್ಕೆ ಹಾಕಿದರು. ನಾನು ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಂದು ತಿಂದರು. ಪಲ್ಯವನ್ನೂ ತಿಂದರು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಬಾಯ್ಲರಿನ ಹಬೆಯಿಂದ ಕಾಯುವ ಇಸ್ತ್ರಿಯ ಉರುಳುಗಳು ತಣ್ಣಗಾದವು. ಮೊದಲು ಯಾರಿಗೂ ತಿಳಿಯಲಿಲ್ಲ. ನನ್ನ ಮೇಜಿಗೆ ಬಂದ ಹಾಸುಬಟ್ಟೆ ಒದ್ದೆಯಾಗಿತ್ತು, ಅದರ ಹಿಂದಿನದೂ ಒದ್ದೆ. ನಾನು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿದೆ.

ಸಿಳ್ಳೆ ಉದ್ದನೆಯ ಕಬ್ಬಿಣದ ಗೋರೆಯಿಂದ ಒಲೆಯ ಬೆಂಕಿಯನ್ನು ಹೊರಗೆ ಎಳೆದು ತಗಡಿನ ಮೇಲೆ ಹರಡಿದ್ದಳು. ಕೋಣೆಯ ತುಂಬ ಹೊಗೆ.

"ಹತ್ತು ದಾಟಿತಮ್ಮ," ಎಂದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದಾಯಿತು. ಹಿಂದೆ ಅರ್ಧ ಲಾಂಡ್ರಿ.

"ಯಾರನ್ನ ಕೇಳಿ ಬೆಂಕಿ ತೆಗೆದೆ? ಆಸ್ಪತ್ರೆಗೆ ಮಧ್ಯಾಹ್ನ ಮುನ್ನೂರು ಹಾಸುಬಟ್ಟೆ ಹೋಗಬೇಕು! ನಾನು ಅಧ್ಯಕ್ಷ ಇರೋವಾಗ ನನ್ನ ಮಗಳೇ ನನ್ನ ಮಾನ ಕಳೀತಾಳೆ! ನೋಡಿ, ಎಲ್ಲರೂ ನೋಡಿ, ಗಾಜಿನಲ್ಲಿ ನೀರು ಎಷ್ಟಿದೆ ಅಂತ!"

ಮೇಲಿನ ಹಬೆ ನಿಧಾನಕ್ಕೆ ತಣಿದು ಗಾಜಿನಲ್ಲಿ ಮತ್ತೆ ನೀರಾಗಿ, ಮುಕ್ಕಾಲು ಭಾಗಕ್ಕೆ ನಿಂತಿತ್ತು. ಶಾಂತವಾಗಿ, ಅಲುಗಾಡದೆ.

"ನೀನೇ ನೋಡಪ್ಪ," ಎಂದಳು ಸಿಳ್ಳೆ. "ನೀನು ಕಲಿಸಿದ ಹಾಗೆ."

ಅವರು ಅಂಗಿಯ ತೋಳು ಮೇಲಕ್ಕೆ ಮಡಚಿ ನಲ್ಲಿ ತಿರುಗಿಸಿದರು. ಗಾಜು ಖಾಲಿಯಾಯಿತು. ನಲ್ಲಿ ಮುಚ್ಚಿ, ಜನರ ಕಡೆಗೆ ತಿರುಗಿಯೇ ಎಣಿಸಿದರು. "ಒಂದು. ಎರಡು. ಮೂರು." ಗಾಜಿನ ಕಡೆಗೆ ತಿರುಗಿದರು. "ನಾಲ್ಕು. ಐದು." ದನಿ ಇಳಿಯಿತು. ಹತ್ತರ ಮೇಲೆ ತುಟಿ ಮಾತ್ರ ಅಲುಗುತ್ತಿತ್ತು. ನಾನೂ ಎಣಿಸುತ್ತಿದ್ದೆ, ಅಲ್ಲಿದ್ದವರೆಲ್ಲ ಎಣಿಸುತ್ತಿದ್ದರು. ಮೂವತ್ತಕ್ಕೂ ಒಂದು ಹನಿ ಬರಲಿಲ್ಲ.

ಅವರು ಸೌದೆಯ ರಾಶಿಯ ಮೇಲೆ ಕೂತರು.

"ಎಲ್ಲರೂ ಹೊರಗೆ ಹೋಗಿ," ಎಂದರು. "ಯಾರೂ ತಣ್ಣೀರು ಬಿಡಬೇಡಿ, ಕಾದ ಬಾಯ್ಲರ್ ಒಡೆಯುತ್ತೆ. ತಾನಾಗಿ ಆರಲಿ." ಆಮೇಲೆ ಎದ್ದು, ಆ ಬಿಳಿ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಬನಿಯನ್ನಿನಲ್ಲೇ ಮಗಳ ಕೈಯಿಂದ ಗೋರೆ ತೆಗೆದುಕೊಳ್ಳಹೋದರು. ಅವಳು ಬಿಡಲಿಲ್ಲ. ಇಬ್ಬರೂ ಸೇರಿ ಉಳಿದ ಕೆಂಡ ಎಳೆದರು.

ಶನಿವಾರ ಬಾಯ್ಲರಿನ ಮುಚ್ಚಳ ತೆಗೆದು ನೋಡಿದಾಗ ನೀರು ಇರಬೇಕಾದ ಗುರುತಿಗಿಂತ ಒಂದು ಗೇಣು ಕೆಳಗಿತ್ತು. ನೀರಿನಲ್ಲಿ ಮುಳುಗಿರಬೇಕಾದ ಒಳಗಿನ ಕೊಳವೆಗಳ ಬೆನ್ನು ಆಗಲೇ ಕಾಣುತ್ತಿತ್ತು. ಗಾಜಿಗೆ ಹೋಗುವ ದಾರಿಯಲ್ಲಿ ಕಿಟ್ಟ ಕಲ್ಲಿನ ಹಾಗೆ ಕೂತಿತ್ತು. ಅವರು ಅದನ್ನು ಒಂದು ಕಡ್ಡಿಯಿಂದ ಚುಚ್ಚಿ ತೆಗೆದು, ಅಂಗೈಯಲ್ಲಿಟ್ಟುಕೊಂಡು ನೋಡಿದರು. ನನ್ನ ಗಂಡ ಹೊರಗೆ ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದುಕೊಂಡರು.

ಆ ಸಂಜೆಯ ಸನ್ಮಾನಕ್ಕೆ ಅವರು ಹೋಗಲಿಲ್ಲ. ಮೈದುನನನ್ನು ಕಳಿಸಿದರು.

"ಏನು ಹೇಳಲಿ ಅಲ್ಲಿ?"

"ಇದ್ದದ್ದು ಹೇಳು. ಬಾಯ್ಲರ್ ನಿಂತಿದೆ, ತಪ್ಪು ಅಧ್ಯಕ್ಷಂದು, ಒಳಗೆ ಇಳಿದಿದ್ದಾನೆ ಅಂತ."

"ಊಟ ಮಾಡಲಾ, ಹಾಗೇ ಬರಲಾ?"

"ತಿಂದು ಬಾರೋ. ಹೇಗೂ ಬೇಯಿಸಿರ್ತಾರೆ."

ಆ ನಾಲ್ಕು ದಿನ ನಮಗೆಲ್ಲ ಬೆನ್ನು ನೆಟ್ಟಗಾಗಲಿಲ್ಲ. ಅಂಗಳದಲ್ಲಿ ದೊಡ್ಡ ಹಂಡೆಗಳನ್ನಿಟ್ಟು ಆಸ್ಪತ್ರೆಯ ಬಟ್ಟೆ ಕುದಿಸಿದೆವು, ಕೋಲಿನಿಂದ ತಿರುವಿದೆವು, ಇಬ್ಬಿಬ್ಬರು ಎದುರುಬದುರು ನಿಂತು ಹಿಂಡಿದೆವು. ಹಗ್ಗ ಸಾಲದೆ ಬೇಲಿಯ ಮೇಲೂ ಹಾಕಿದೆವು. ಎಲ್ಲಿ ನೋಡಿದರೂ ಬಿಳಿ. ಇಸ್ತ್ರಿಯ ಹೆಂಗಸರು ಹಾಸುಬಟ್ಟೆಗಳ ನಡುವೆ ಕಣ್ಣಾಮುಚ್ಚಾಲೆ ಆಡಿ ನಕ್ಕರು. ಅತ್ತೆಯೂ ಬಂದು ಕೂತು ದಿಂಬಿನ ಚೀಲ ಮಡಚಿದರು. ನಾನು ಮನೆಯಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬುಟ್ಟಿ ತುಂಬ ಆಲೂಗಡ್ಡೆ ಹೊತ್ತು ತರುತ್ತಿದ್ದೆ. ನನ್ನ ಗಂಡ ಬಾಯ್ಲರಿನ ಹೊಟ್ಟೆಯಿಂದ ತಲೆ ಹೊರಗೆ ಹಾಕಿ, ಕೈ ತೊಳೆಯದೆಯೇ ತಿನ್ನುತ್ತಿದ್ದರು.

"ಮಂದೆಯ ಎಳೆಯ ಮರಿ ಇಲ್ಲವೇನೇ?" ಎಂದರು ಒಂದು ಸಲ.

"ಆಲೂಗಡ್ಡೆ ಎಳೇದೇ," ಎಂದೆ.

ಸೋಮವಾರ ಮಧ್ಯಾಹ್ನ ಹಗ್ಗಗಳ ಕೆಳಗೇ ಸಭೆ ಸೇರಿತು. ನನ್ನ ಗಂಡ ಎದ್ದು ನಿಂತು, ನಾನು ಇಳಿಯುತ್ತೇನೆ, ಬೇರೆಯವರನ್ನು ಆರಿಸಿಕೊಳ್ಳಿ ಎಂದರು. ತೊಟ್ಟಿಯ ಹಿರಿಯನೊಬ್ಬ, "ಇನ್ನೊಬ್ಬನನ್ನ ಕೂರಿಸಿ ಅವನಿಗೂ ಬುದ್ಧಿ ಬರೋವರೆಗೆ ಕಾಯೋದಾ? ಇವನಿಗೆ ಆಗಲೇ ಬಂದಿದೆ, ಇವನೇ ಇರಲಿ," ಎಂದ. ಜನ ನಕ್ಕು ಒಪ್ಪಿದರು. ಇಸ್ತ್ರಿಯ ಹೆಂಗಸೊಬ್ಬಳು ಮಾತ್ರ ನಗಲಿಲ್ಲ. ಬೆಂಕಿ ತೆಗೆಯುವ ಮಾತು ಬಾಯ್ಲರ್ ನೋಡುವವರದು, ಅಧ್ಯಕ್ಷನೂ ಅದಕ್ಕೆ ಅಡ್ಡ ಬರಕೂಡದು ಎಂದು ಬರೆದಿಡಬೇಕು ಎಂದಳು. ಬರೆದರು. ಮೊದಲ ರುಜು ನನ್ನ ಗಂಡನದು. ಅದನ್ನು ಬಾಯ್ಲರ್ ಕೋಣೆಯ ಬಾಗಿಲಿಗೆ ಅಂಟಿಸಿದರು.

ಸಂಜೆ ಓದುವ ಸರದಿ ಅವರದೇ ಬಂತು. ಕುರಿಗಾಹಿಯ ಮಾತು ಹಿಂದಿನ ದಿನ ಮುಗಿದಿತ್ತು. ಮುಂದಿನದು ಬಹಳ ಚಿಕ್ಕ ಪುಸ್ತಕ. ಅವರು ಕನ್ನಡಕ ಹಾಕಿಕೊಂಡು ಶುರುಮಾಡಿ, ಮೂರನೆಯ ಸಾಲಿಗೆ ನಿಂತರು. ಬಂಡೆಯ ಸಂದುಗಳಲ್ಲಿ ಎತ್ತರದಲ್ಲಿ ಮನೆ ಮಾಡಿಕೊಂಡು, ನನ್ನನ್ನು ಯಾರು ಕೆಳಗಿಳಿಸುತ್ತಾರೆ ಎಂದುಕೊಂಡವನಿಗೆ ಅವನ ಗರ್ವವೇ ಮೋಸಮಾಡಿತು ಎಂದಿತ್ತು.

"ಅಮ್ಮಾ, ಇದೂ ನನಗೇನಾ?"

"ಒಂದೇ ಅಧ್ಯಾಯ ಕಣೋ. ಬೇಗ ಮುಗಿಯುತ್ತೆ, ಓದು."

ಓದಿದರು. ಒಂದು ಸಾಲೂ ಬಿಡಲಿಲ್ಲ.

ಮಂಗಳವಾರ ನಸುಕಿಗೇ ಬೆಂಕಿ ಹಾಕಿದರು. ಹಬೆ ಏರುವುದನ್ನು ನೋಡಬೇಕೆಂದು ನಾನೂ ಹೋಗಿದ್ದೆ. ಸಿಳ್ಳೆ ಒಳಗೆ ಒಬ್ಬಳೇ ಇದ್ದಳು. ನನ್ನ ಗಂಡ ಹಳೆಯ ನೀಲಿ ಅಂಗಿ ತೊಟ್ಟು ಬಾಗಿಲಿನ ಹತ್ತಿರ ಬಂದರು. ಒಂದು ಕಾಲು ಹೊಸ್ತಿಲ ಮೇಲಿಟ್ಟು, ಬಾಗಿಲ ಮೇಲಿನ ಕಾಗದದ ಕಡೆ ಕಣ್ಣು ಹೋಗಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

"ಒಳಗೆ ಬರಲಾ?" ಎಂದು ಕೇಳಿದರು.

"ಇರಪ್ಪ. ಇನ್ನೂ ಎಣಿಸಿಲ್ಲ," ಎಂದಳು ಅವಳು, ತಿರುಗಿ ನೋಡದೆಯೇ.

"ಆಯ್ತು," ಎಂದರು. ಒದ್ದೆ ಬಟ್ಟೆಯ ತಳ್ಳುಗಾಡಿಯೊಂದು ಅದೇ ದಾರಿಯಲ್ಲಿ ಬಂತು. ಅವರು ಗೋಡೆಗೆ ಒತ್ತಿಕೊಂಡು ಅದಕ್ಕೆ ಜಾಗ ಬಿಟ್ಟುಕೊಟ್ಟರು, ಮತ್ತೆ ಬಂದು ಅಲ್ಲೇ ನಿಂತು ಕಾದರು.